ಬಾಗಿಲು ಬಿಟ್ಟು ಬಾನು ಕಾಯ್ದ ಕ್ಯಾಮೆರಾ

ನಕ್ಷತ್ರಗಳನ್ನು ಅಭ್ಯಸಿಸಲು ಬೆಟ್ಟದ ತುದಿಯೂ ಭಾರೀ ದೂರದರ್ಶಕವೂ ಬೇಕೇಬೇಕೆಂದು ನಂಬಿ ಕೈಕಟ್ಟಿ ಕುಳಿತಿದ್ದ ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ, ಅಂಗಡಿ ಬಾಗಿಲಲ್ಲಿ ಕಳ್ಳರನ್ನು ಕಾಯುವ ಅಗ್ಗದ ಕ್ಯಾಮೆರಾವೊಂದು ಸಾಕೆಂದು ತೋರಿಸಿಕೊಟ್ಟವರು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಹೋದ್ಯೋಗಿ. ಸಂಜೆಯಾದರೆ ಮಹಡಿ ಹತ್ತುವ ಅವರು ವಿದ್ಯಾರ್ಥಿಗಳ ಬಾಯಲ್ಲಿ ‘ಮುಸ್ಸಂಜೆ ಮೇಡಂ’.

ಗಣಿತ ಕಲಿಸಲು ಹೊಸದಾಗಿ ಬಂದ ನಾನು ಬಾಡಿಗೆ ಮನೆ ಸಿಗದೆ ಪರದಾಡುತ್ತಿದ್ದಾಗ, ಅವರು ತಮ್ಮ ಮನೆಯ ಕೆಳಗಿನ ಕೋಣೆಯನ್ನು ಬಿಟ್ಟುಕೊಟ್ಟರು. ಪ್ರತಿಯಾಗಿ ಸಂಜೆ ಹೊತ್ತು, ಅವರು ಕ್ಯಾಮೆರಾ ಸರಿಪಡಿಸಲು ಹತ್ತುವ ಏಣಿಯನ್ನು ಹಿಡಿದುಕೊಳ್ಳಬೇಕಿತ್ತು, ಅಷ್ಟೇ.

ಮಬ್ಬಿನಲ್ಲೂ ಕಾಣಬಲ್ಲ ಆ ಕ್ಯಾಮೆರಾವನ್ನು ಖಾಲಿ ಬಣ್ಣದ ಡಬ್ಬಿಯಲ್ಲಿ ಕೂರಿಸಿ, ಮುಖ ಮೇಲೆ ಮಾಡಿ, ಮೇಡಂ ಮಹಡಿಯ ಗೋಡೆಗೆ ಬಿಗಿದರು. ಅದರ ತಂತಿಯನ್ನು ಹಳೆಯ ಟಿ.ವಿ.ಗೆ ಸೇರಿಸಿದ್ದೇ ತಡ, ಬರಿಗಣ್ಣಿಗೆ ಕಾಣದ ನಕ್ಷತ್ರಗಳೆಲ್ಲ ಪರದೆಯ ತುಂಬ ಹರಡಿಕೊಂಡವು; ನಡುನಡುವೆ ಉಪಗ್ರಹಗಳು ಚುಕ್ಕಿಗಳಾಗಿ ಸರಿದುಹೋದವು. ಯಾವ ಚುಕ್ಕಿ ಯಾವ ನಕ್ಷತ್ರದ ಪಕ್ಕ ಯಾವಾಗ ಹಾಯ್ದಿತೆಂದು ಗುರುತಿಸಿ ಅದರ ಹಾದಿಯನ್ನು ಕಂಡುಹಿಡಿಯುವುದೇ ಅಂತಿಮ ವರ್ಷದವರ ಪರೀಕ್ಷೆಯ ಯೋಜನೆಯಾಯಿತು.

ಪಕ್ಕದ ಮನೆಯ ನಿವೃತ್ತ ತೆರಿಗೆ ಅಧಿಕಾರಿಗಳೊಬ್ಬರಿಗೆ ಮಾತ್ರ ಅದು ತಮ್ಮನ್ನೇ ನೋಡುತ್ತಿದೆ ಎಂಬ ಗುಮಾನಿ. ಕ್ಯಾಮೆರಾದ ಮೇಲೆ ಕಣ್ಣಿಡಲೆಂದು ಅವರು ತಮ್ಮ ಮಹಡಿಯಲ್ಲಿ ದೊಡ್ಡ ದೀಪ ಹಾಕಿಸಿದರು. ನಮ್ಮ ಪರದೆ ಸುಣ್ಣ ಬಳಿದಂತೆ ಬೆಳ್ಳಗಾಗಿ, ಯೋಜನೆ ನೆಲಕಚ್ಚಿತು. ದೀಪ ಆರಿಸಿರೆಂದು ಮೇಡಂ ಬೇಡಿಕೊಂಡಷ್ಟೂ ಅವರ ಅನುಮಾನ ಬಲಿಯಿತು. ಕೊನೆಗೆ ಪತ್ನೀಸಮೇತರಾಗಿ ದೂರು ಹೊತ್ತು ಪ್ರಾಂಶುಪಾಲರ ಕೋಣೆಗೇ ಬಂದರು.

“ಕ್ಯಾಮೆರಾ ಇಳಿಸ್ಬಿಡಿ ಮೇಡಂ, ಕಾಲೇಜಿಗೆ ಯಾಕೆ ಈ ತಲೆನೋವು?” ಎಂದರು ಪ್ರಾಂಶುಪಾಲರು.

ಮೇಡಂ ವಾದಕ್ಕಿಳಿಯದೆ, ದೀಪ ಬರುವ ಮುಂಚೆ ದಾಖಲಾಗಿದ್ದ ಚಿತ್ರಣವನ್ನು ಹಾಕಿ ತೋರಿಸಿದರು. ನಕ್ಷತ್ರಗಳು. ಒಂದು ಚುಕ್ಕಿ. ಮತ್ತೆ ನಕ್ಷತ್ರಗಳು. ಅಧಿಕಾರಿಗಳ ಮುಖದ ಗಂಟು ಸಡಿಲವಾಯಿತು.

“ಅಂದ್ರೆ ಇದರಲ್ಲಿ ನಾನು ಎಲ್ಲೂ ಇಲ್ವಾ?”

“ಇಲ್ಲ ಸಾರ್.”

“ನನ್ನ ಬಿಸ್ಕತ್ತೂ ಇಲ್ವಾ?”

ಅವರ ಪತ್ನಿ ಗಕ್ಕನೆ ತಿರುಗಿದರು. “ಯಾವ ಬಿಸ್ಕತ್ತು ರೀ? ಡಾಕ್ಟ್ರು ಸಕ್ಕರೆ ಮುಟ್ಟಲೇಬಾರದು ಅಂದಿಲ್ವಾ?”

ಅಧಿಕಾರಿಗಳ ಮುಖ ಬಿಳಿಚಿಕೊಂಡಿತು. ದಶಮಾಂಶದ ತಪ್ಪನ್ನೂ ಕ್ಷಮಿಸದ ನಮ್ಮ ಮೇಡಂ ಅಂದು, ನಾನು ಕಂಡಂತೆ ತಮ್ಮ ಸೇವಾವಧಿಯ ಏಕೈಕ ಸುಳ್ಳನ್ನು ನುಡಿದರು: “ಆ ಚುಕ್ಕಿ ನೋಡಿದ್ರಲ್ಲ ಅಕ್ಕಾ, ಆ ಉಪಗ್ರಹಕ್ಕೆ ನಾವಿಟ್ಟಿರೋ ಹೆಸರೇ ‘ಬಿಸ್ಕತ್ತು’. ಸಾರ್‌ಗೆ ಅದು ಅಂದ್ರೆ ತುಂಬಾ ಇಷ್ಟ.”

ದೂರು ಅಲ್ಲೇ ಬಿದ್ದುಹೋಯಿತು. ಅಂದು ಸಂಜೆಯೇ ಆ ದೀಪ ಆರಿತು. ಉಪಗ್ರಹದ ಮೇಲೆ ಅಕ್ಕರೆ ಇದೆಯೆಂದು ತೋರಿಸಬೇಕಾಗಿ ಬಂದ ಅಧಿಕಾರಿಗಳು ದಿನವೂ ನಮ್ಮ ಮಹಡಿ ಹತ್ತತೊಡಗಿ, ಬರಬರುತ್ತಾ ನಿಜವಾಗಿಯೂ ಆಕಾಶದ ಹುಚ್ಚು ಹಿಡಿಸಿಕೊಂಡರು. ವಿದ್ಯಾರ್ಥಿಗಳೆಲ್ಲ ತೇರ್ಗಡೆಯಾದರು.

ಫಲಿತಾಂಶ ಬಂದ ದಿನ ಅಧಿಕಾರಿಗಳ ಪತ್ನಿ ಒಬ್ಬರೇ ಬಂದು, ದನಿ ತಗ್ಗಿಸಿ ಹೇಳಿದರು: “ಆ ಉಪಗ್ರಹ ನಂಗೂ ಗೊತ್ತು ಮೇಡಂ. ನಮ್ಮ ಮಹಡಿ ಮೇಲಿನ ನೀರಿನ ಟ್ಯಾಂಕ್ ಹಿಂದೆ ಡಬ್ಬಿಯಲ್ಲಿರುತ್ತೆ. ಅದರಲ್ಲಿರೋದನ್ನ ತೆಗೆದು ಸಕ್ಕರೆ ಇಲ್ಲದ್ದನ್ನ ತುಂಬಿಸೋಳು ನಾನೇ. ಅವರಿಗೆ ಹೇಳ್ಬೇಡಿ, ರುಚಿ ಕೆಟ್ಟುಹೋಗುತ್ತೆ.”

ಮೇಡಂ ಅವರಿಗೆ ತುಂಬು ಆಯುಷ್ಯ, ಮೋಡವಿಲ್ಲದ ಸಂಜೆಗಳು ಹಾಗೂ ಮೆಟ್ಟಿಲು ಹತ್ತುವ ಮಂಡಿಗಳು ದೊರೆಯಲಿ. ಇನ್ನೂ ನೂರಾರು ಉಪಗ್ರಹಗಳು ಅವರ ಡಬ್ಬಿಗೆ ಬೀಳಲಿ. ಮೇಡಂ ಅವರ ಈ ಅಭಿನಂದನಾ ಸಂಪುಟದ ಮೊದಲ ಪ್ರತಿಯನ್ನು ಕಾದಿರಿಸಿರುವ ಅಧಿಕಾರಿಗಳು, ದಯವಿಟ್ಟು, ನನ್ನ ಲೇಖನವನ್ನು ಬಿಟ್ಟು ಓದಲಿ.