ಎಡಗೈಗೆ ಒಲಿದ ಓದು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬ್ರೈಲ್ ಮುದ್ರಣಾಲಯದ ಮೂಲೆಯ ಮೇಜಿನ ಮೇಲೆ ದಪ್ಪ ಕಾಗದದ ಕರಡು ಹಾಳೆಗಳಿವೆ. ದೀಪ ಹಾಕಿರುವುದು ಎದುರಿಗೆ ಕುಳಿತ ಮೇಷ್ಟ್ರಿಗೆ. ಕರಡು ತಿದ್ದುವ, ಎಲ್ಲರೂ ಬೆರಳಕ್ಕ ಎಂದೇ ಕರೆಯುವ ಬೆರಳಕ್ಕನಿಗೆ ಅದರ ಹಂಗಿಲ್ಲ. ಯಂತ್ರ ಶುರುವಾದರೆ ಮೇಜು ನಡುಗಿ ಚುಕ್ಕೆಗಳು ಕೈಗೆ ಸಿಗುವುದಿಲ್ಲ, ಅದಕ್ಕೇ ಇಷ್ಟು ಬೇಗ ಬರುತ್ತಾರೆ. ಎಡಗೈಯ ಉಂಗುರ ಬೆರಳನ್ನು ಸಾಲಿನ ಮೇಲೆ ಇರುವೆಯಂತೆ ನಡೆಸುತ್ತಾ ಗಟ್ಟಿಯಾಗಿ ಓದುತ್ತಾರೆ. ಅಲ್ಪವಿರಾಮ ಬಂದರೆ ಅದನ್ನೂ ಬಾಯಿಬಿಟ್ಟು ಹೇಳುತ್ತಾರೆ. ನಿವೃತ್ತಿಯ ಮೇಲೆ ಇಲ್ಲಿ ಸೇರಿದ ಮೇಷ್ಟ್ರು ಅಚ್ಚಿನ ಪುಸ್ತಕದಲ್ಲಿ ಅದೇ ಸಾಲನ್ನು ಕಣ್ಣಲ್ಲಿ ಹಿಂಬಾಲಿಸಬೇಕು.

"ಮೇಷ್ಟ್ರೇ, ನಿದ್ದೆನಾ?"

"ಇಲ್ಲಮ್ಮ, ಧ್ಯಾನ."

"ಧ್ಯಾನದಲ್ಲಿ ಗೊರಕೆ ಬೇರೆ!"

ಹುಟ್ಟಿನಿಂದಲೇ ಕಣ್ಣು ಕಾಣದ ಬೆರಳಕ್ಕ ಈ ಮೇಜಿಗೆ ಬಂದಾಗ ಅವರ ತಲೆಯಲ್ಲಿ ಒಂದು ನೆರೆಗೂದಲೂ ಇರಲಿಲ್ಲ. ಪಠ್ಯಪುಸ್ತಕ, ಕಾನೂನು, ಕಥೆ ಎಲ್ಲವನ್ನೂ ತಿದ್ದಿದ್ದಾರೆ. ಆದರೆ ಮತ್ತೆ ಮತ್ತೆ ಅಚ್ಚಾಗಿ ಮತ್ತೆ ಮತ್ತೆ ಕೈಗೆ ಬಂದದ್ದು ಸಂಪುಟಗಟ್ಟಲೆ ಇರುವ ಹಳೆಯ ಧರ್ಮಗ್ರಂಥ. "ಜನ ದೇವರ ಪುಸ್ತಕದಲ್ಲಿ ಪುಣ್ಯ ಹುಡುಕ್ತಾರೆ. ನಾನು ತಪ್ಪು ಹುಡುಕಿ ಸಂಬಳ ತಗೊಂಡೆ. ಅರ್ಥದ ಕಡೆ ಗಮನ ಹೋದ್ರೆ ಚುಕ್ಕೆ ತಪ್ಪುತ್ತೆ ಅಂತ ಮನಸ್ಸನ್ನ ಹೊರಗೇ ನಿಲ್ಲಿಸಿ ಓದ್ತಿದ್ದೆ" ಎನ್ನುತ್ತಾರೆ.

ಬೆರಳು ಒರಟಾಗಬಾರದೆಂದು ಮನೆಯಲ್ಲಿ ಪಾತ್ರೆ, ಬಟ್ಟೆ ಎಲ್ಲ ತಂಗಿಯ ಪಾಲು. ತಂಗಿಗೂ ಬೆನ್ನು ನೋವು, ಮೊಣಕಾಲು ನೋವು. "ನಮ್ಮಕ್ಕನ ಬೆರಳಿಗಿರೋ ಮರ್ಯಾದೆ ನನ್ನ ತಲೆಗೂ ಇಲ್ಲ" ಎಂದು ಆಕೆ ಗೊಣಗುತ್ತಾರೆ. "ಊಟ ಬಡಿಸ್ಲಾ ಅಂದ್ರೆ, ಹೂಂ ಪೂರ್ಣವಿರಾಮ ಅಂತಾಳೆ. ಇವಳ ಜೊತೆ ಹೇಗ್ರೀ ಏಗೋದು?"

ಕಳೆದ ವರ್ಷ ಒಂದು ಬೆಳಿಗ್ಗೆ ಬೆರಳಕ್ಕ ಯಂತ್ರದವನನ್ನು ಕರೆದು ಗದರಿದರು. "ಚುಕ್ಕೆ ಎದ್ದೇ ಇಲ್ಲ ಕಣಪ್ಪ, ಯಂತ್ರ ನೋಡು." ಅವನು ಬಿಗಿ ಮಾಡಿ ಬೇರೆ ಹಾಳೆ ತಂದ. ಅದೂ ನುಣುಪು. ಮತ್ತೊಂದು ತಂದ. ಕೊನೆಗೆ ತಾನೇ ಬೆರಳಾಡಿಸಿ ನೋಡಿದ. ಸಾಸಿವೆ ಕಾಳಿನ ಹಾಗೆ ಚುಕ್ಕೆಗಳು ಎದ್ದು ನಿಂತಿದ್ದವು. ಅವನು ಮತ್ತೊಂದು ಹಾಳೆ ತರಲು ಹೋಗಲಿಲ್ಲ. ಅದರಲ್ಲೇ ಬೆರಳಕ್ಕನಿಗೆ ಗೊತ್ತಾಯಿತು. ಸಕ್ಕರೆ ಕಾಯಿಲೆ ಬಲಗೈಯ ಸ್ಪರ್ಶವನ್ನು ತಿಂದುಹಾಕಿತ್ತು. ಹೋದದ್ದು ಮರಳುವುದಿಲ್ಲ, ಎಡಗೈಗೂ ಹಬ್ಬಬಹುದು ಎಂದರು ಡಾಕ್ಟರು.

ಆ ದಿನ ಮನೆಗೆ ಬಂದು ಡಾಕ್ಟರ ಮಾತನ್ನು ತಂಗಿಗೆ ಹೇಳಿ ಪಾತ್ರೆ ಉಜ್ಜಲು ಕುಳಿತರು. ತಂಗಿ ಒಂದು ಕ್ಷಣ ನೋಡಿದರು. ಆಮೇಲೆ ಕೈಯಿಂದ ತಪ್ಪಲೆ ಕಿತ್ತುಕೊಂಡು, "ಎದ್ದೇಳೇ, ನಿಂಗೆ ಇನ್ನೊಂದು ಕೈ ಇಲ್ವಾ?" ಎಂದು ಬೈದು ಅತ್ತುಬಿಟ್ಟರು.

ಎಡಗೈ ಮಗುವಿನ ಹಾಗೆ ಅಕ್ಷರಾಭ್ಯಾಸದಿಂದ ಶುರು ಮಾಡಬೇಕಾಯಿತು. ಮೊದಲು ತಿಂಡಿಯ ಹೊತ್ತಿಗೆ ಮೂವತ್ತು ಪುಟ ಮುಗಿಯುತ್ತಿತ್ತು. ಈಗ ನಾಲ್ಕಾದರೆ ಹೆಚ್ಚು. ಗ್ರಂಥದ ಕೊನೆಯ ಸಂಪುಟ ಅವರ ಮೇಜಿನಲ್ಲೇ ನಿಂತಿದೆ. ಕೆಲಸವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆಂದು ವ್ಯವಸ್ಥಾಪಕರು ಎರಡು ಸಲ ಹೇಳಿದ್ದಾರೆ. ಇದೊಂದನ್ನು ಮುಗಿಸಲು ಬಿಡಿ ಎಂದು ಬೆರಳಕ್ಕ ಎರಡು ಸಲವೂ ಕೇಳಿಕೊಂಡಿದ್ದಾರೆ.

ಕಾರಣ ಇದೆ. ಒಂದೊಂದೇ ಅಕ್ಷರ ತಡವುತ್ತಿದ್ದಾಗ ಒಂದು ದಿನ ಒಂದು ಸಾಲು ಸಿಕ್ಕಿತು: ಓಡುವವನಿಗೆ ಅರಿವಿನ ಬೆನ್ನು ಕಾಣುತ್ತದೆ, ಕೂತವನ ಬಳಿಗೆ ಅದು ನಡೆದು ಬರುತ್ತದೆ. ಹಿಂದಿನ ಮುದ್ರಣಗಳಲ್ಲೂ ಈ ಸಾಲನ್ನು ತಿದ್ದಿದವರು ಇವರೇ. ಆಗ ನೆನಪಿನಲ್ಲಿ ಉಳಿದದ್ದು ಅದರ ಅಲ್ಪವಿರಾಮ ಮಾತ್ರ.

"ಅವತ್ತು ಬೆರಳು ಮುಂದಕ್ಕೆ ಹೋಗಲಿಲ್ಲ. ಕಷ್ಟ ಏನೂ ಕಮ್ಮಿಯಾಗಿಲ್ಲ. ಕಾಲು ಉರಿಯುತ್ತೆ, ರಾತ್ರಿ ನಿದ್ದೆ ಇಲ್ಲ, ಬಸ್ಸಲ್ಲಿ ನಿಂತ್ಕೊಂಡೇ ಬರ್ತೀನಿ. ಆದ್ರೆ ಇಷ್ಟು ದಿನ ಒಬ್ಬಳೇ ಸುಸ್ತಾಗ್ತಿದ್ದೆ. ಈಗ ಯಾರೋ ಪಕ್ಕದಲ್ಲಿ ಕೂತಂಗಿದೆ."

ದೇವರೆಂದರೆ ಮೂಗು ಮುರಿಯುವ ಮೇಷ್ಟ್ರು ಮೊದಲು ರೇಗುತ್ತಿದ್ದರು. "ನಿನ್ನ ಬೆರಳಿನ ಬಸವನಹುಳು ಸ್ವರ್ಗ ಮುಟ್ಟೋದ್ರೊಳಗೆ ನಾನೇ ಅಲ್ಲಿರ್ತೀನಿ." ಈಚೆಗೆ ಕೆಲವು ಕಡೆ ಅವರೇ, "ಅದನ್ನ ಇನ್ನೊಂದ್ಸಲ ಓದಮ್ಮ" ಎನ್ನುತ್ತಾರೆ. ತಪ್ಪಿದೆಯಾ ಎಂದರೆ, "ತಪ್ಪಿಲ್ಲ, ಸುಮ್ನೆ ಓದು" ಎಂದು ಕನ್ನಡಕ ಒರೆಸುತ್ತಾರೆ.

ಇವತ್ತು ಯಂತ್ರ ಶುರುವಾಗುವ ಮೊದಲೇ ವ್ಯವಸ್ಥಾಪಕರು ಮೇಜಿನ ಬಳಿಗೆ ಬಂದರು. ಸ್ವಲ್ಪ ಹೊತ್ತು ಓದು ಕೇಳುತ್ತಾ ನಿಂತರು. "ಇದನ್ನ ನೀವೇ ಮುಗಿಸಿ ಅಕ್ಕ. ಇದಾದ ಮೇಲೆ..." ಎಂದು ತಡೆದರು.

"ಇದಾದ ಮೇಲೆ ನನ್ನ ಕೈಲೂ ಆಗಲ್ಲಪ್ಪ" ಎಂದು ಬೆರಳಕ್ಕನೇ ಮಾತು ಮುಗಿಸಿಕೊಟ್ಟರು.

ಅವರು ಹೋದ ಮೇಲೆ ಬೆರಳಕ್ಕ ಸೋತ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೀವಿಕೊಳ್ಳುತ್ತಾರೆ. ಇನ್ನೇನು ಆಸೆ ಎಂದು ಮೇಷ್ಟ್ರು ಕೇಳುತ್ತಾರೆ.

"ಈ ಪುಸ್ತಕ ಎಲ್ಲೋ ಯಾರದೋ ಕೈ ಸೇರುತ್ತಲ್ಲ, ಅವರು ಓದ್ತಾ ಓದ್ತಾ ಒಂದು ಕಡೆ ಬೆರಳು ನಿಲ್ಲಿಸ್ಬೇಕು. ಚುಕ್ಕೆ ಸರಿಯಿಲ್ಲ ಅಂತಲ್ಲ. ಮಾತು ತಾಗ್ತು ಅಂತ."