ತೊಟ್ಟಿಗೆ ಅಜೀರ್ಣ

"ಅತ್ತೆ, ಅದನ್ನ ತೊಟ್ಟಿ ಅನ್ಬೇಡಿ, ಹೊಟ್ಟೆ ಅನ್ನಿ. ಬೀಜದಿಂದ ಹಿಂಡಿದ ಎಣ್ಣೆ ಡೀಸೆಲ್ ಆಗಿ ಲಾರಿ ಹತ್ತಿ ಹೋಗುತ್ತೆ, ಎಲ್ಲಾ ಮರ್ಯಾದೆ ಅದಕ್ಕೇ. ಉಳಿಯೋ ಹಿಂಡೀನ, ಜೇನಿನ ಥರ ಅಂಟೋ ಗ್ಲಿಸರಿನ್ನ ಯಾರೂ ಮೂಸಿ ನೋಡಲ್ಲ. ನಾನು ಅದನ್ನ ಕಲಸಿ ಈ ಹೊಟ್ಟೆಗೆ ಹಾಕ್ತೀನಿ. ಒಳಗೆ ಕಣ್ಣಿಗೆ ಕಾಣದ ಜೀವಿಗಳಿವೆ, ಎಲ್ಲಾ ನನ್ನ ಮಕ್ಕಳಿದ್ದ ಹಾಗೆ. ತಿಂದು ಗ್ಯಾಸ್ ಬಿಡ್ತವೆ. ಅದರಲ್ಲಿ ದೀಪ ಉರಿಯುತ್ತೆ, ಒಲೆ ಉರಿಯುತ್ತೆ. ನಿಮ್ಮ ಮಗಳು ಮಾತ್ರ ನಾನು ಬಾಗಿಲಿಗೆ ಬಂದ್ರೆ ಮೂಗು ಮುಚ್ಕೋತಾಳೆ."

ನನ್ನ ಅಳಿಯಂದಿರು ಇದನ್ನು ಹೇಳುವುದು ಸರಿಯಾಗಿ ಊಟಕ್ಕೆ ಕೂತಾಗ. ಕಾರ್ಖಾನೆಯಲ್ಲಿ ಅವರಿಗೆ ‘ಹೊಟ್ಟೆ ಡಾಕ್ಟರು’ ಎಂದು ಹೆಸರು. ಜನ ತಮಾಷೆಗೆ ಇಟ್ಟರು, ಇವರು ಬಿರುದೆಂದು ತೆಗೆದುಕೊಂಡರು.

ಕ್ವಾರ್ಟರ್ಸಿನ ಅಡುಗೆಮನೆಗಳಿಗೆಲ್ಲ ಆ ಗ್ಯಾಸಿನ ಪೈಪು ಎಳೆದಾಗಿತ್ತು; ಉದ್ಘಾಟನೆಯಾದ ಮೇಲೆ ಗ್ಯಾಸ್ ಬಿಡುವುದೆಂದಿತ್ತು. ನಮ್ಮ ಒಲೆಗೆ ಮಾತ್ರ ಜೋಡಿಸಲು ಮಗಳು ಬಿಟ್ಟಿರಲಿಲ್ಲ. ಡಾಕ್ಟರ ಮನೆಯವರೇ ಬೇಡವೆಂದರೆ ತಲೆಯೆತ್ತಿ ಓಡಾಡುವುದು ಹೇಗೆ ಎಂದು ಅಳಿಯಂದಿರು ಒಳಗೊಳಗೇ ಕೊರಗುತ್ತಿದ್ದರು.

"ಉದ್ಘಾಟನೆಗೆ ಬರ್ತೀನಿ," ಎಂದಳು ಮಗಳು. "ಎಲ್ಲರೆದುರಿಗೆ ಉರಿದು, ನನ್ನ ಮೂಗಿಗೆ ವಾಸನೆ ಬರ್ಲಿಲ್ಲ ಅಂದ್ರೆ ಹಾಕಿಸ್ಕೋತೀನಿ. ಇಲ್ಲಾಂದ್ರೆ ಈ ಮಾತು ಇನ್ನು ಮನೇಲಿ ಎತ್ಬೇಡಿ."

ಆ ದಿನ ನಾವಿಬ್ಬರೂ ಬೇಗ ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ಮೇಜು, ನೆಲ ಮುಟ್ಟುವ ಹಸಿರು ಬಟ್ಟೆ, ಮೇಲೊಂದು ಒಲೆ. ಮುಖ್ಯ ಅತಿಥಿಗಳು ಹಚ್ಚಿದರು. ನೀಲಿ ಉರಿ ಭಗ್ಗೆಂದು ಎದ್ದಿತು. ಅವರು ಅಂಗೈ ಕಾಯಿಸಿಕೊಂಡು, "ಕಸದಿಂದ ಬಂದ ಬೆಂಕಿ, ನೋಡಿ, ಇದರ ಶಾಖವೇ ಬೇರೆ," ಎಂದರು. ಪಕ್ಕದವರೂ ಕೈ ಚಾಚಿ, ಹೌದು, ಮೃದುವಾಗಿದೆ ಎಂದರು. ಹಿಂದೆ ನಿಂತಿದ್ದ ಅಳಿಯಂದಿರು ಮಾತ್ರ ಬೆವರು ಒರೆಸಿಕೊಳ್ಳುತ್ತಿದ್ದರು.

ಮಗಳು ಮೂಗರಳಿಸಿ ನೋಡಿದಳು. "ಏನೂ ವಾಸನೆ ಇಲ್ಲಮ್ಮ. ಪಾಪ, ಸುಮ್ಮನೆ ಅವರನ್ನ ಆಡಿಕೊಂಡೆ."

ಮನೆಗೆ ಬಂದು ಕಾಫಿಗೆ ನೀರಿಟ್ಟರೆ ಒಲೆ ಹೊತ್ತಲಿಲ್ಲ. ಬಗ್ಗಿ ನೋಡಿದರೆ ಸಿಲಿಂಡರೇ ಇಲ್ಲ. ಅಷ್ಟರಲ್ಲಿ ಅಳಿಯಂದಿರು ಬಂದು ಹೊಸ್ತಿಲಲ್ಲೇ ನಿಂತರು.

"ಉರಿ ದೊಡ್ಡದಾಗಿ ಬರ್ಲಿ ಅಂತ ಗ್ಲಿಸರಿನ್ ಸ್ವಲ್ಪ ಜಾಸ್ತಿ ಹಾಕ್ದೆ ಕಣೇ. ಇನ್ನೊಂದು ಬಕೆಟ್, ಇನ್ನೊಂದು ಬಕೆಟ್ ಅಂತ. ಅಜೀರ್ಣ ಆಗ್ಹೋಯ್ತು. ತೊಟ್ಟಿ ಹುಳಿ ತಿರುಗ್ತು, ಬಂದ ಗ್ಯಾಸಿಗೆ ಬೆಂಕೀನೇ ಹತ್ತಲಿಲ್ಲ. ಮ್ಯಾನೇಜರು, ಉರೀಬೇಕು ಅಷ್ಟೇ, ಏನು ಉರೀತಿದೆ ಅಂತ ಯಾರು ಕೇಳ್ತಾರೆ ಅಂದ್ರು. ನೀವು ಹೊರಟ ಮೇಲೆ ಬಂದು ತಗೊಂಡ್ಹೋದೆ."

"ಹಾಗಾದ್ರೆ ಅವರು ಶಾಖವೇ ಬೇರೆ ಅಂದಿದ್ದು ನನ್ನ ಸಿಲಿಂಡರಿಗೇನ್ರೀ?"

"ಹೂಂ."

"ನಾನು ಚಪ್ಪಾಳೆ ತಟ್ಟಿದ್ದೂ ಅದಕ್ಕೇನಾ?"

"ಹೂಂ."

ಅವಳು ನಗು ತಡೆಯಲಾರದೆ ಕೂತೇಬಿಟ್ಟಳು. ನಕ್ಕು ಸಾಕಾದ ಮೇಲೆ, "ಹೋಗಿ ತನ್ನಿ," ಎಂದಳು.

"ನಾಳೆ ಇನ್ನೊಂದು ತಂಡ ನೋಡೋಕೆ ಬರುತ್ತಂತೆ. ಅಲ್ಲೇ ಇರ್ಲಿ ಅಂದಿದಾರೆ ಮ್ಯಾನೇಜರು."

"ಅವರ ಮನೇದು ತಂದಿಡ್ಲಿ."

ಅಳಿಯಂದಿರು ಹೋಗಿ ಮ್ಯಾನೇಜರಿಗೆ ಏನು ಹೇಳಿದರೋ ಕಾಣೆ. ಸಿಲಿಂಡರನ್ನು ಸೈಕಲ್ಲಿಗೆ ಕಟ್ಟಿ, ಎಲ್ಲರೂ ನೋಡುವಂತೆ ಮುಂದಿನ ಗೇಟಿನಿಂದಲೇ ತಳ್ಳಿಕೊಂಡು ಬಂದರು. ಮರುದಿನದಿಂದ ತೊಟ್ಟಿಗೆ ಉಪವಾಸ. ಹುಳಿ ಇಳಿಯಲೆಂದು ಆಗಾಗ ಸುಣ್ಣದ ನೀರು, ಸಗಣಿ. "ಹೇಗಿದಾವ್ರೀ ನಿಮ್ಮ ಮಕ್ಕಳು?" ಎಂದು ಮಗಳೇ ಕೇಳತೊಡಗಿದಳು.

ಕೊನೆಗೊಂದು ಮಧ್ಯಾಹ್ನ ಅಳಿಯಂದಿರು ಅವಳನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ಭಾಷಣವಿಲ್ಲ, ಮೇಜಿಲ್ಲ. ಬೆರಳುದ್ದದ ಉರಿ. ಮಗಳು ಮೊದಲು ಸುತ್ತಮುತ್ತ ಸಿಲಿಂಡರ್ ಹುಡುಕಿದಳು, ಆಮೇಲೆ ಬಗ್ಗಿ ಮೂಸಿದಳು.

"ವಾಸನೆ ಇದೆ," ಎಂದಳು.

ಅಳಿಯಂದಿರ ಮುಖ ಇಳಿದುಹೋಯಿತು.

"ಅದರದ್ದಲ್ಲ, ನಿಮ್ಮದು. ಪೈಪ್ ಹಾಕ್ಸಿ. ಸಿಲಿಂಡರೂ ಪಕ್ಕದಲ್ಲಿರ್ಲಿ, ನಿಮ್ಮ ಕೈ ನನಗೆ ಗೊತ್ತು."

ಅಂದು ಸಂಜೆ ಆ ಗ್ಯಾಸಿನ ಮೇಲೆ ಅವಳು ಮೊದಲು ಇಟ್ಟದ್ದು ಒಂದು ಪಾತ್ರೆ ನೀರು. ಕಾದ ನೀರಿಗೆ ಸೋಪಿನ ಪುಡಿ ಹಾಕಿ, ಗಂಡನ ಕೆಲಸದ ಅಂಗಿ ನೆನೆಸಿ, ಬ್ರಷ್ಷು ಅವರ ಕೈಗೇ ಕೊಟ್ಟಳು. ಅವರು ಹಿತ್ತಲಿನ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಕಾಲರು ಉಜ್ಜತೊಡಗಿದರು.