ಹಾಲಮ್ಮ ತಂದಿಟ್ಟ ಐರಾಣಿ

ನಾಗೂ, ನಿನ್ನ ಮದುವೆ ಸಾಮೂಹಿಕ ವಿವಾಹದಲ್ಲೇ ಆಗಬೇಕೆಂದು ಪಟ್ಟು ಹಿಡಿದವಳು ನಿನ್ನ ಅತ್ತೆ ಹಾಲಮ್ಮ ಅಲ್ಲ. ಪಟ್ಟು ಹಿಡಿದವನು ನಾನು, ನಿನ್ನ ಅಪ್ಪ. ಆಕೆಯ ಹೆಸರು ಹೇಳಿ ನಿನ್ನನ್ನು ನಂಬಿಸಿದೆ. ನೀನು ಹೇಗೆ ಮದುವೆಯಾಗಬೇಕೆಂದು ಆಸೆಪಟ್ಟಿದ್ದೆಯೋ ಹಾಗೆಯೇ ಮಾಡೋಣವೆಂದು ಕೇಳಲು ಆ ಹೆಣ್ಣುಮಗಳು ಚಿಗಟೇರಿಯಿಂದ ಕೊಟ್ಟೂರಿನ ನಮ್ಮ ಅಂಗಡಿಯವರೆಗೆ ಬಂದಿದ್ದಳು. ಬಂದ ವಿಷಯವನ್ನೇ ನಾನು ನಿನಗೆ ಹೇಳಲಿಲ್ಲ.

ಹಾಲಮ್ಮ ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ. ಆಕೆ ಕಟ್ಟೆಯ ಮೇಲೆ ಕೂತಿರುತ್ತಿದ್ದ ಕಾಲದಲ್ಲಿ ಈ ಮಾತು ಆಡಿದ್ದರೆ ಅದಕ್ಕೊಂದು ಬೆಲೆ ಇರುತ್ತಿತ್ತು. ಈಗ — ಊಟ ಮುಗಿದು ಮಂದಿ ಎದ್ದು ಹೋದ ಮೇಲೆ ಶಾಮಿಯಾನ ಕಟ್ಟಿದ ಹಾಗೆ. ಆದರೂ ಹೇಳಬೇಕು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಈಗ ಯಾಕೆ ತೆರೆದ ಅನ್ನುವುದನ್ನೂ ಹೇಳುತ್ತೇನೆ.

ನೀನು ಮದುವೆಯ ಯೋಚನೆ ಹಾಕುತ್ತಿದ್ದ ಆ ದಿನಗಳು ನಿನಗೆ ನೆನಪಿವೆಯೋ ಇಲ್ಲವೋ, ನನಗೆ ಇವೆ. ಹಾಲಮ್ಮನ ಮಗ ಬಸವರಾಜನ ಜೊತೆ ನಿಶ್ಚಯವಾದ ಮೇಲೆ ಅಡುಗೆಮನೆ, ಹಿತ್ತಲು, ಗೋಡೌನು ಎಲ್ಲ ಕಡೆ ನಿನ್ನದು ಒಂದೇ ಮಾತು. ನಮ್ಮ ಶಾಮಿಯಾನದ ವ್ಯಾಪಾರ ಆಗಲೇ ಬಿದ್ದುಹೋಗಿತ್ತು. ಊರೂರಿಗೆ ಕಲ್ಯಾಣ ಮಂಟಪ ಎದ್ದ ಮೇಲೆ ನಮ್ಮ ಬಟ್ಟೆ, ಗಳ, ಹಗ್ಗ ಯಾರಿಗೆ ಬೇಕು? ಅದು ನಿನಗೆ ಗೊತ್ತಿತ್ತು. ಹಾಗಾಗಿ ನನ್ನ ಜೇಬಿಗೆ ಭಾರವಾಗದಂಥ ಮದುವೆಯೊಂದನ್ನು ನೀನೇ ತಲೆಯಲ್ಲಿ ಕಟ್ಟಿಕೊಂಡಿದ್ದೆ, ಅದೂ ನಗುನಗುತ್ತಾ.

“ಶಾಮಿಯಾನ ನಮ್ಮದಽ ಐತಿ, ಪಾತ್ರಿನೂ ನಮ್ಮವಽ ಅದಾವು. ಹೊಂಗಿ ತಪ್ಪಲ, ಮಾವಿನ ತಪ್ಪಲ ತಂದು ಮನಿ ಮುಂದ ಹಸಿರು ಹಂದರ ಹಾಕೂಣಪ್ಪ. ಡಿಜೆ-ಗಿಜೆ ಬ್ಯಾಡ, ಓಣಿ ಹೆಣ್ಮಕ್ಕಳು ಸೋಬಾನ ಹಾಡ್ತಾರ. ಗೋದಿ ಹುಗ್ಗಿ, ರೊಟ್ಟಿ, ಪುಂಡಿಪಲ್ಯ. ಇನ್ನೇನು ಬೇಕು? ಐರಾಣಿ ಮಾತ್ರ ಬಿಡಂಗಿಲ್ಲ ನೋಡು ನಾನು.”

ಸುಣ್ಣ, ಕೆಮ್ಮಣ್ಣಿನ ಚಿತ್ತಾರ ಬರೆದ ಆ ಐರಾಣಿ ಗಡಿಗೆಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು, ಹಾಡುತ್ತಾ, ಕುಂಬಾರರ ಮನೆಯಿಂದ ಬರುವುದನ್ನು ನೋಡಲು ನೀನು ಚಿಕ್ಕಂದಿನಲ್ಲಿ ಊಟ ಬಿಟ್ಟು ಓಡುತ್ತಿದ್ದೆ. ನಿನ್ನ ಮದುವೆಯಲ್ಲೂ ಅವು ಬರಬೇಕು ಅನ್ನುವುದು ದೊಡ್ಡ ಆಸೆಯಲ್ಲ. ಯಾವ ಬಡವನ ಮನೆಯಲ್ಲೂ ಸಲ್ಲುವ ಆಸೆ.

ಆದರೆ ನಾನು ಬಡವನಾಗಲು ಒಪ್ಪದ ಬಡವ. ಕೂಡ್ಲಿಗಿಯಿಂದ ಹಡಗಲಿಯವರೆಗೆ ದೊಡ್ಡ ದೊಡ್ಡವರ ಮನೆಗಳಿಗೆ ಹಂದರ ಹಾಕಿದವನು. ಹಾಕುವಾಗ ಸುಮ್ಮನಿರುತ್ತಿದ್ದೆನೇ? “ಇದೇನು ನೋಡ್ತೀರಿ, ನನ್ನ ಮಗಳ ಮದುವಿ ದಿನ ಬರ್ರಿ, ಹಂದರ ಅಂದ್ರ ಏನಂತ ತೋರಸ್ತೀನಿ” — ಗಳ ನೆಟ್ಟ ಕಡೆಯಲ್ಲೆಲ್ಲ ಇದನ್ನೂ ನೆಟ್ಟು ಬರುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಈಗ ಹೊಂಗೆ ಸೊಪ್ಪಿನ ಹಂದರ ಹಾಕಿ ಅವರನ್ನೆಲ್ಲ ಯಾವ ಮುಖದಿಂದ ಕರೆಯಲಿ? ನಿನಗೆ “ಆತು ಬಿಡವ್ವ” ಅನ್ನುತ್ತಿದ್ದೆ, ಒಳಗೆ ಹೆಣಗುತ್ತಿದ್ದೆ.

ಹಾಲಮ್ಮ ಬಂದದ್ದು ಆ ಹೊತ್ತಿನಲ್ಲೇ. ಮಧ್ಯಾಹ್ನದ ಬಸ್ಸಿಗೆ, ಒಬ್ಬಳೇ. ಬಾವಿ ಕಡೆಯ ಹೊಲದಲ್ಲಿ ಬೆಳೆದ ಬದನೆಕಾಯಿ ಒಂದು ಚೀಲ ತಂದಿದ್ದಳು. ಗಂಡ ಸತ್ತ ಮೇಲೆ ಒಕ್ಕಲುತನ ಮಾಡಿ ಮಗನನ್ನು ಬೆಳೆಸಿದವಳು. ಮಾತು ಕಡಿಮೆ, ಆಡಿದ್ದು ನೇರ. ಗೋಡೌನಿನಲ್ಲಿ ಮಡಚಿಟ್ಟ ಜಮಖಾನೆಯ ಮೇಲೆ ಕೂತು ಹೇಳಿದಳು:

“ಬೀಗರ, ಬಸಣ್ಣಗ ಇನ್ನಾ ಹೇಳಿಲ್ಲ, ಮೊದಲು ನಿಮ್ಮ ಕಿವಿಗೆ ಹಾಕೂಣು ಅಂತ ಬಂದೆ. ಮದುವಿ ನಮ್ಮ ಮನಿ ಮುಂದ ಮಾಡೂಣ್ರಿ. ಅಂಗಳ ದೊಡ್ಡದೈತಿ. ಗೋದಿ, ಜ್ವಾಳ ಹೊಲದಾಗಿನ್ವು. ನೀವು ಹಂದರದ ಸಾಮಾನು ತಂದ್ರ ಸಾಕು. ನಿಮ್ಮ ಹುಡುಗಿಗೆ ಐರಾಣಿ ಅಂದ್ರ ಬಾಳ ಇಷ್ಟ ಅಂತ ಬಸಣ್ಣ ಅಂದಿದ್ದ, ಕುಂಬಾರರಿಗೆ ಹೇಳಿ ಬಂದೀನಿ.”

ಇದಕ್ಕಿಂತ ಇನ್ನೇನು ಬೇಕಿತ್ತು, ಹೇಳು. ಬೇರೆ ಅಪ್ಪನಾಗಿದ್ದರೆ ಆಕೆಯ ಕಾಲಿಗೆ ಬೀಳುತ್ತಿದ್ದ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಗಂಡಿನ ಮನೆಯ ಅಂಗಳದಲ್ಲಿ, ಅವರ ಗೋಧಿಯಲ್ಲಿ ಶಾಮಿಯಾನ ಕೊಟ್ರೇಶಪ್ಪನ ಮಗಳ ಮದುವೆ! ಗತಿ ಇಲ್ಲದವರ ಹೆಣ್ಣು ತಂದುಕೊಂಡು ಮದುವೆ ಮಾಡಿಕೊಂಡರು ಅನ್ನುತ್ತಾರೆ. ಆ ಕ್ಷಣಕ್ಕೆ ಬಾಯಿಗೆ ಬಂತು ಆ ಮಾತು — ಎಲ್ಲಿಂದ ಬಂತೋ.

“ಇಲ್ರಿ. ನಂದು ಮಠಕ್ಕೆ ಹರಕಿ ಐತಿ. ಸಾಮೂಹಿಕದಾಗಽ ಮಾಡ್ತೀನಿ ಅಂತ ನುಡದೀನಿ.”

ಹರಕೆಯೂ ಇಲ್ಲ, ಗಿರಕೆಯೂ ಇಲ್ಲ. ಆದರೆ ಮಠದಲ್ಲಿ ಮಾಡಿದರೆ ಯಾರೂ ಬಡತನ ಅನ್ನುವುದಿಲ್ಲ, ಭಕ್ತಿ ಅನ್ನುತ್ತಾರೆ. ಹಾಲಮ್ಮ ನನ್ನ ಮುಖವನ್ನೇ ನೋಡಿದಳು. ದೇವರ ಹೆಸರು ಬಂದ ಮೇಲೆ ಎದುರಾಡುವ ಪೈಕಿ ಅಲ್ಲ. “ಹಂಗಾದ್ರ ಹಂಗಽ ಆಗಲಿ” ಅಂದಳು. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, “ಐರಾಣಿ ಹೇಳಿಬಿಟ್ಟೀನಲ್ಲರಿ…” ಅಂದು ಅಲ್ಲಿಗೇ ಬಿಟ್ಟಳು. ನೀವು ಬಂದ ವಿಚಾರ ಇಲ್ಲೇ ಇರಲಿ, ಮಕ್ಕಳ ಮನಸ್ಸು ಯಾಕೆ ಕೆಡಿಸುವುದು ಅಂದೆ ನಾನು. ಆಕೆ ತಲೆಯಾಡಿಸಿ ಸಂಜೆ ಬಸ್ಸು ಹಿಡಿದಳು.

ನಿನಗೂ ನಿಮ್ಮವ್ವನಿಗೂ ಹರಕೆ ಅಂದರೆ ನಡೆಯುತ್ತಿರಲಿಲ್ಲ. ನನ್ನ ಭಕ್ತಿ ಎಷ್ಟರದು ಅಂತ ಇಬ್ಬರಿಗೂ ಗೊತ್ತು. ಅದಕ್ಕೇ ಇನ್ನೊಂದು ಸುಳ್ಳು ಬೇಕಾಯಿತು. “ನಿನ್ನ ಅತ್ತಿ ಬಾಳ ಗಟ್ಟಿ ಹೆಣ್ಣುಮಗಳವ್ವ. ಸಾಮೂಹಿಕದಾಗ ಮಾಡಿದ್ರ ಮಾಡ್ರಿ, ಇಲ್ಲಂದ್ರ ಬಿಡ್ರಿ ಅಂತಾಳ” ಅಂದೆ. ನೀನು ರೊಟ್ಟಿ ತಟ್ಟುತ್ತಿದ್ದೆ. ಕೈ ನಿಂತಿತು. “ಯಾಕಂತ?” ಅಂದೆ ನೀನು. “ಬ್ಯಾರೆ ಮದುವಿ ಅಂದ್ರ ಖರ್ಚು, ಆಕಿಗೆ ಭಾರ ಅಂತ” ಅಂದೆ ನಾನು. ನೀನು ಮತ್ತೆ ರೊಟ್ಟಿ ತಟ್ಟತೊಡಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಠದಲ್ಲಿ ಮದುವೆ ಆಯಿತು. ಅಲ್ಲಿ ಮದುವೆಯಾದ ಜೋಡಿಗಳು ಎಷ್ಟೋ ಇವತ್ತು ಚೆನ್ನಾಗಿ ಬಾಳುತ್ತಿವೆ. ದೋಷ ಆ ಮದುವೆಯದಲ್ಲ. ಮನಸ್ಸಿಟ್ಟು ಹೋದವರಿಗೆ ಅದು ಪುಣ್ಯದ ಜಾಗ. ನಿನ್ನನ್ನು ನಾನು ಸುಳ್ಳು ಹೇಳಿ ತಂದು ಕೂರಿಸಿದ್ದೆ. ಒಂದೇ ಬಣ್ಣದ ಸೀರೆಗಳ ಸಾಲಿನಲ್ಲಿ, ಸೆರಗಿಗೆ ನಂಬರಿನ ಚೀಟಿ ಸಿಕ್ಕಿಸಿಕೊಂಡು, ನೀನು ಮುಖ ಎತ್ತದೆ ಕೂತಿದ್ದೆ. ಆಗ ಮೈಕಿನಲ್ಲಿ ನನ್ನ ಹೆಸರು ಕರೆದರು. ನೂರಾರು ಮದುವೆಗೆ ಶಾಮಿಯಾನ ಹಾಕಿದವರು ಸ್ವಂತ ಮಗಳನ್ನು ಸರಳವಾಗಿ ಧಾರೆ ಎರೆದು ಕೊಡುತ್ತಿದ್ದಾರೆ, ಇವರು ಆದರ್ಶ ತಂದೆ ಅಂತ ಯಾರೋ ಮುಖಂಡರು ಶಾಲು ಹೊದಿಸಿದರು. ಮಂದಿ ಚಪ್ಪಾಳೆ ತಟ್ಟಿತು. ನಾನು ಕೈ ಮುಗಿದೆ — ನಾಚಿಕೆ ಇಲ್ಲದೆ. ಖುಷಿಯೂ ಆಯಿತು ನಾಗೂ, ಸುಳ್ಳು ಯಾಕೆ ಹೇಳಲಿ.

ಆ ಸಂಜೆ ಚಿಗಟೇರಿಯಲ್ಲಿ ನಡೆದದ್ದನ್ನು ಬರೆಯಲು ಕೈ ಬರುತ್ತಿಲ್ಲ. ನೀನು ಹೊಸ್ತಿಲಲ್ಲಿ ನಿಂತಿದ್ದೆ. ಹಾಲಮ್ಮ ಆರತಿ ತಟ್ಟೆ ಹಿಡಿದಿದ್ದಳು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಹಾಡು ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ನೀನು ಕೇಳಿದೆ, ಎಲ್ಲರಿಗೂ ಕೇಳುವ ಹಾಗೆ: “ಅತ್ತಿ, ಗುಂಪಿನ್ಯಾಗ ತಾಳಿ ಕಟ್ಟಸ್ರಿ ಅಂದ್ರಂತಲ್ಲ. ನಾವು ನಿಮಗ ಅಷ್ಟು ಭಾರ ಆಗಿದ್ವೇನ್ರಿ?”

ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಹಾಲಮ್ಮ ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಒಂದು ಮಾತು ಸಾಕಿತ್ತು ಆಕೆಗೆ. ನಾನು ತಲೆ ತಗ್ಗಿಸಿ ಚಪ್ಪಲಿ ನೋಡುತ್ತಾ ನಿಂತೆ. ಆಮೇಲೆ ಆಕೆಯ ದನಿ ಕೇಳಿತು:

“ಹೂಂ ನನ್ನವ್ವ. ನಾನಽ ಅಂದಿದ್ದೆ. ತಪ್ಪಾತು, ಒಳಗ ಬಾ.”

ಮಗ ಕೇಳಿದಾಗಲೂ ಅದೇ ಹೇಳಿದಳಂತೆ. ತನ್ನ ಮಗನಿಗೇ. ಬೀಗನ ಮರ್ಯಾದೆ ಹೊಸ್ತಿಲ ಮೇಲೆ ಚೆಲ್ಲಬಾರದು ಅಂತ, ತನ್ನ ಮರ್ಯಾದೆ ಚೆಲ್ಲಿದಳು. ಆವತ್ತೇ ಓಣಿಯಲ್ಲಿ ಆಕೆಗೆ ಜಿಪುಣಿ ಅಂತ ಹೆಸರು ಬಿತ್ತು.

ಮುಂದಿನದು ನಿನಗೆ ಗೊತ್ತಿದೆ. ನಿನ್ನದು ಬೇರೆ ಒಲೆ, ಆಕೆಯದು ಬೇರೆ ಒಲೆ. ನೀನು ಕೆಟ್ಟ ಸೊಸೆಯಲ್ಲ. ಬೈಯಲಿಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಬರೀ ಒಂದು ನಗು ಕೊಡಲಿಲ್ಲ. ನಾನು ಬಂದಾಗಲೆಲ್ಲ ಆಕೆ ಮಜ್ಜಿಗೆ ಕೊಟ್ಟು, “ಆರಾಮ ಅದೀರೇನ್ರಿ ಬೀಗರ?” ಅನ್ನುತ್ತಿದ್ದಳು. ನಾನು ಆ ಮಜ್ಜಿಗೆ ಕುಡಿದು, “ಆರಾಮ್ರಿ” ಅಂದು ಲೋಟ ಕೆಳಗಿಡುತ್ತಿದ್ದೆ.

ಒಮ್ಮೆ, ನೀನು ನೀರಿಗೆ ಹೋದಾಗ, ನಿನಗೆ ಎಲ್ಲ ಹೇಳಿಬಿಡುತ್ತೇನೆ ಅಂತ ಆಕೆಗೆ ಅಂದೆ. ಆಕೆ ಸುತ್ತಲೂ ನೋಡಿ, “ಬ್ಯಾಡ್ರಿ. ಅವ್ವನಂತಾ ಅವ್ವ ಇದ್ರೂ ಹೆಣ್ಮಕ್ಕಳಿಗೆ ತವರುಮನಿ ಅಂದ್ರ ಅಪ್ಪಽ. ನಂದು ಹೆಂಗೂ ನಡದೈತಿ” ಅಂದಳು. ಆಕೆ ಬೇಡ ಅಂದಳಲ್ಲ ಅಂತ ನಾನು ಹಗುರಾಗಿ ಬಸ್ಸು ಹತ್ತಿದೆ. ಬೇಡ ಅನ್ನುವುದು ಆಕೆಯ ದೊಡ್ಡತನ. ಅದನ್ನು ಒಪ್ಪಿಕೊಂಡದ್ದು ನನ್ನ — ಅದಕ್ಕೆ ಹೆಸರು ನೀನೇ ಇಡು.

ಆಕೆ ಹಾಸಿಗೆ ಹಿಡಿದಾಗ ನೀನು ಹೊತ್ತು ಹೊತ್ತಿಗೆ ಗುಳಿಗೆ ಕೊಟ್ಟೆ, ಗಂಜಿ ಕುಡಿಸಿದೆ. ಪಕ್ಕದಲ್ಲಿ ಕೂರಲಿಲ್ಲ. ನಾನು ನೋಡಲು ಬಂದ ದಿನ ಆಕೆಯ ಕಣ್ಣು ನೀನು ಹೋದ ಕಡೆಯೇ ಹೋಗುತ್ತಿತ್ತು, ಬಾಗಿಲವರೆಗೆ, ಮತ್ತೆ ಬಾಗಿಲಿಂದ ನನ್ನವರೆಗೆ. ಆವತ್ತಾದರೂ ನಿನ್ನನ್ನು ಕೂಗಬೇಕಿತ್ತು. ಬಾಯಿ ತೆರೆದೆ ಕೂಡ. “ನೀರು ಕುಡೀತೀರೇನ್ರಿ?” ಅಂತ ಕೇಳಿದೆ. ಎರಡು ದಿನಕ್ಕೆ ಆಕೆ ಹೋದಳು. ನಿನ್ನ ಕಣ್ಣಲ್ಲಿ ನೀರು ಬರಲಿಲ್ಲ, ಅದನ್ನು ನೋಡಿ ಹೆಂಗಸರು ಗುಸುಗುಸು ಅಂದರು. ಆ ನೀರನ್ನು ನಿನ್ನಿಂದ ಕಿತ್ತುಕೊಂಡವನು ನಾನು, ನಾಗೂ. ಅದರಲ್ಲೂ ನಿನ್ನ ತಪ್ಪಿಲ್ಲ.

ದಿನಕರ್ಮ ಮುಗಿದ ಮೇಲೆ ಆಕೆಯ ಕೋಣೆ ಸ್ವಚ್ಛ ಮಾಡಿದೆವಲ್ಲ. ಅಟ್ಟದ ಮೂಲೆಯಲ್ಲಿ, ಹಳೆ ಕೌದಿ ಸುತ್ತಿ ಇಟ್ಟಿದ್ದ ಗಡಿಗೆಗಳು ಸಿಕ್ಕವು. ಒಳಗೆ ಬೀಜದ ತೊಗರಿ. ಹೊರಗೆ ಸುಣ್ಣದ ಚುಕ್ಕಿ, ಕೆಮ್ಮಣ್ಣಿನ ಬಳ್ಳಿ, ಮಾಸಿದ್ದರೂ ಹಾಗೇ ಇದ್ದವು. ಅಕ್ಕಿಬೇಳೆ ಕೊಟ್ಟು ಹೇಳಿಬಂದ ಐರಾಣಿಯನ್ನು ಕುಂಬಾರರಿಗೆ ವಾಪಸು ಕೊಡುವ ಪದ್ಧತಿ ಇಲ್ಲ, ಅವುಗಳಲ್ಲಿ ಅನ್ನ ಬೇಯಿಸುವ ಪದ್ಧತಿಯೂ ಇಲ್ಲ. ಪಾಪ, ಬೀಜ ತುಂಬಿ ಕಾಪಾಡಿದ್ದಳು. ನೀನು ಒಂದನ್ನು ಬೆಳಕಿಗೆ ಹಿಡಿದು ಕೇಳಿದೆ: “ಅಪ್ಪಾ, ಇವು ಐರಾಣಿ ಅಲ್ಲೇನು? ಯಾರ ಮದುವಿಗೆ ತಂದಿದ್ಲೋ ಈ ಮುದುಕಿ. ನನಗಂತೂ ಇವನ್ನ ನೋಡೋ ಯೋಗ ಇರಲಿಲ್ಲ.”

“ಗೊತ್ತಿಲ್ಲವ್ವ” ಅಂದೆ.

ಇಷ್ಟೇ. ಇದಕ್ಕೇ ಈಗ ಬರೆಯುತ್ತಿರುವುದು. ಮೊದಲ ಸುಳ್ಳಿಗೆ ಜಂಬ ಕಾರಣ, ಎರಡನೆಯದಕ್ಕೆ ಹೆದರಿಕೆ. ಈ ಸುಳ್ಳಿಗೆ ಏನೂ ಕಾರಣ ಇರಲಿಲ್ಲ. ಆಕೆ ಸತ್ತಿದ್ದಳು, ನೀನು ಕೇಳಿದ್ದೆ, ಹೇಳಲು ನಾನೊಬ್ಬನೇ ಉಳಿದಿದ್ದೆ. ತೊಗರಿ ಸುರುವಿಕೊಂಡು, “ಹಳೇ ಗಡಿಗಿ, ತಿಪ್ಪಿಗೆ ಹಾಕಿಬಿಡಪ್ಪ” ಅಂದೆ ನೀನು. ನಾನು ಎತ್ತಿಕೊಂಡು ಹೋಗಿ ಹಾಕಿದೆ. ಜೀವಮಾನವಿಡೀ ಮಂದಿಯ ಮದುವೆ ಪಾತ್ರೆ ಹೊತ್ತ ಕೈಯಿಂದ ನನ್ನ ಮಗಳ ಐರಾಣಿಯನ್ನು ತಿಪ್ಪೆಗೆ ಹಾಕಿದೆ. ಒಂದರ ಮೇಲೊಂದು ಬಿದ್ದು ಒಡೆದವು. ಒಂದು ಮಾತ್ರ ಬೂದಿಯ ಮೇಲೆ ಬಿದ್ದು ಉಳಿಯಿತು. ಊರಿಗೆ ಹೊರಡುವಾಗ ಅದನ್ನು ಹೆಕ್ಕಿ, ಶಾಲಿನಲ್ಲಿ ಸುತ್ತಿ ತಂದೆ. ಇಲ್ಲೇ ಇದೆ, ಗೋಡೌನಿನಲ್ಲಿ.

ಸೋಮವಾರ ಬರುತ್ತೇನೆ. ಆ ಗಡಿಗೆ ತರುತ್ತೇನೆ. ಇದನ್ನು ಓದಿದ ಮೇಲೆ ನೀನು ನನ್ನನ್ನು ಒಳಗೆ ಕರೆಯದಿರಬಹುದು, ಕರೆಯಬೇಡ. ನಾನು ಹೊಸ್ತಿಲ ಹೊರಗೇ ನಿಲ್ಲುತ್ತೇನೆ, ಆಕೆ ಆವತ್ತು ಆರತಿ ಹಿಡಿದು ನಿಂತ ಜಾಗದ ಎದುರಿಗೆ. ಓಣಿಯ ಹೆಂಗಸರನ್ನೆಲ್ಲ ನಾನೇ ಮನೆಮನೆಗೆ ಹೋಗಿ ಕರೆಯುತ್ತೇನೆ. ಹಾಲಮ್ಮ ಜಿಪುಣಿಯಲ್ಲ, ಈ ಐರಾಣಿ ನನ್ನ ಮಗಳ ಮದುವೆಗೆಂದು ತಂದಿದ್ದು, ಸುಳ್ಳು ಹೇಳಿದವನು ನಾನು ಅನ್ನುತ್ತೇನೆ. ಆಕೆಯ ಮರ್ಯಾದೆ ಹೋದದ್ದು ನಾಲ್ಕು ಮಂದಿಯ ಎದುರಿಗೆ. ನನ್ನದೂ ಅವರ ಎದುರಿಗೇ ಹೋಗಲಿ.